ನೀಲಕ್ಕನ ರಿಮೋಟು

ಕತೆ ಕಟ್ಟುತ್ತಿಲ್ಲ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆ ವಿರುಪಾಕ್ಷ, ಧಾರವಾಡದವನು, ಅವನಿಗೇ ಆಗಿದ್ದು.

ಅವತ್ತು ಕೊನೇ ಟ್ರೈನ್ ಇಳಿದು ನಡೆದು ಬರುತ್ತಿದ್ದ. ಪಾರ್ಕಿನ ಮೂಲೆಯಲ್ಲಿ ಆಲದ ಜಾತಿಯದೇ ಒಂದು ದೊಡ್ಡ ಮರವಿದೆ. ಅದರ ಹತ್ತಿರ ಬಂದಾಗ ಕೇಳಿಸಿತು... ಅವನ ಮನೆಯೊಳಗಿಂದ ಭಜನೆ. ಮೊದಲು ಸಣ್ಣಗೆ. ಆಮೇಲೆ ಸ್ವಲ್ಪ ಜೋರು. ಆಮೇಲೆ ಇನ್ನೂ ಸ್ವಲ್ಪ... ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಗಾನವಿ ಮೆಲ್ಬರ್ನಿಗೆ, ಪಾಯಿಂಟ್ ಕುಕ್‌ನ ತಂಗಿ ಮನೆಗೆ ಹೋಗಿದ್ದಳು. ಅವನ ತಾಯಿ ನೀಲಕ್ಕ ಸತ್ತು ಹದಿನಾರು ದಿನವಾಗಿತ್ತು.

ನೀಲಕ್ಕನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಬಲಗೈ ಹೆಬ್ಬೆರಳೊಂದು ಆಡುತ್ತಿತ್ತು. ಅದಕ್ಕೇ ವಿರುಪಾಕ್ಷ ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಸಣ್ಣಗೆ ಭಜನೆ ಹಾಕಿಟ್ಟು, ಅದರ ಇನ್‌ಫ್ರಾರೆಡ್ ರಿಮೋಟನ್ನು ಅವಳ ಕೈಗೆ ಕೊಟ್ಟಿದ್ದ. ನೀರು ಬೇಕಾದರೆ ಒತ್ತಬೇಕು, ವಾಲ್ಯೂಮ್ ಏರುತ್ತದೆ, ಇವನು ಎದ್ದು ಬರುತ್ತಾನೆ. ರಾತ್ರಿಗೆ ಐದಾರು ಸಲ ಒತ್ತುತ್ತಿದ್ದಳು. ನಿದ್ದೆಗೆಟ್ಟು ಇವನಿಗೆ ರೇಗಿಹೋಯಿತು. ಒಂದು ರಾತ್ರಿ, ರಿಮೋಟಿನ ಬೆಳಕು ಹಿಡಿಯುವ ಲ್ಯಾಪ್‌ಟಾಪಿನ ಕಣ್ಣಿಗೆ ಕಪ್ಪು ಟೇಪು ಅಂಟಿಸಿಬಿಟ್ಟ, ಪಾಪಿ. ಆಮೇಲೆ ಅವಳೆದುರೇ ಸೆಲ್ ಬದಲಿಸುವ ನಾಟಕ ಬೇರೆ.

"ಹೊಸಾ ಸೆಲ್ ಹಾಕೇನಿ, ಯವ್ವಾ. ನೀನ ಸರಿಯಾಗಿ ಒತ್ತವಲ್ಲಿ."

ಗಾನವಿಗೆ ನೈಟ್ ಶಿಫ್ಟ್, ಗೊತ್ತಾಗಲಿಲ್ಲ. ಮೂರನೇ ಬೆಳಗ್ಗೆ ನೋಡಿದರೆ ನೀಲಕ್ಕ ಹೋಗಿಬಿಟ್ಟಿದ್ದಳು. ನಾಲಿಗೆ ಕಟ್ಟಿಗೆಯ ಹಾಗೆ ಒಣಗಿತ್ತು. ಅವರದು ಹೂಳುವ ಪದ್ಧತಿ. ಹೆಬ್ಬೆರಳನ್ನು ರಿಮೋಟಿನ ಗುಂಡಿಯಿಂದ ಬಿಡಿಸಲಾಗದೆ ಅದರ ಸಮೇತ ಮಣ್ಣು ಮಾಡಿದರು. ನಿದ್ದೆಯಲ್ಲೇ ಹೋದಳು ಅಂತ ಇವನು ಎಲ್ಲರಿಗೂ ಹೇಳಿದ.

ಈಗ ಬಾಗಿಲು ತೆಗೆದ. ಲ್ಯಾಪ್‌ಟಾಪು ಹಾಡುತ್ತಿದೆ. ಟೇಪು ಅಂಟಿಸಿದ ಹಾಗೇ ಇದೆ. ಏನೋ ಕೆಟ್ಟಿರಬೇಕು ಅಂದುಕೊಂಡ. ರಿಮೋಟಿನ ಬೆಳಕು ಬರಿಗಣ್ಣಿಗೆ ಕಾಣುವುದಿಲ್ಲ, ಫೋನಿನ ಕ್ಯಾಮೆರಾಗೆ ಕಾಣುತ್ತದೆ. ರಿಪೇರಿಯವರು ಹಾಗೇ ನೋಡುವುದು. ಖಾಲಿ ಮಂಚದ ಕಡೆ ಫೋನ್ ಹಿಡಿದ... ದಿಂಬಿನಿಂದ ಸ್ವಲ್ಪ ಕೆಳಗೆ, ಅವಳ ಕೈ ಇರುತ್ತಿದ್ದ ಜಾಗದಲ್ಲಿ, ನೇರಳೆ ಬೆಳಕು. ಮಿಣುಕ್... ಮಿಣುಕ್... ಒಂದೊಂದು ಮಿಣುಕಿಗೂ ಗುಂಡಿಯ ಟಿಕ್ ಸದ್ದು.

"ಸಾಕ್ ಮಾಡಬೇ..." ಅಂತ ಪಿಸುಗುಟ್ಟಿ ಲ್ಯಾಪ್‌ಟಾಪು ಮುಚ್ಚಿಬಿಟ್ಟ. ಒಂದು ಲೋಟ ನೀರಿಡಬೇಕು ಅಂತ ಆಗಲೂ ತೋಚಲಿಲ್ಲ ನೋಡಿ.

ಆ ರಾತ್ರಿಯೇ ನಮ್ಮ ಬಾಗಿಲು ಬಡಿದು ಇದನ್ನೆಲ್ಲ ಅವನೇ ಹೇಳಿದ್ದು. ಬೆಳಗ್ಗೆ ಅವನಿಗೂ ಲಕ್ವ. ಮಾತಿಲ್ಲ. ಹೆಬ್ಬೆರಳೊಂದು ಆಡುತ್ತದೆ.

ಗಾನವಿ ಒಳ್ಳೆಯವಳು. ನನ್ನಿಂದ ವಿಷಯ ತಿಳಿದು ಅತ್ತಳು, ಟೇಪು ಕಿತ್ತಳು, ಹೊಸ ರಿಮೋಟು ತರಿಸಿ ಅವನ ಕೈಗೆ ಕೊಟ್ಟಳು. ನಿನ್ನೆ ನೋಡಲು ಹೋಗಿದ್ದೆ. ತುಟಿ ಒಡೆದಿತ್ತು. ಒತ್ತುತ್ತಲೇ ಇದ್ದ... ಭಜನೆ ಏರಲಿಲ್ಲ. ರಿಮೋಟು ಈಸಿಕೊಂಡು ನಾನು ಒತ್ತಿದೆ, ಏರಿತು. ಗಾನವಿ ಒತ್ತಿದಳು, ಏರಿತು. ಮತ್ತೆ ಅವನ ಕೈಗಿಟ್ಟೆವು... ಇಲ್ಲ.

ಸುಳ್ಳಲ್ಲ, ನಾಲ್ಕು ಸಲ ಹಾಗೇ ಮಾಡಿ ನೋಡಿದೆವು.