ಬೆಕ್ಕು ಅಡ್ಮಿಟ್ಟಾದ ವಾರ್ಡು

ಕೈಗೆ ಕಟ್ಟು ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಬಡಗಿಯ ಕಿವಿ, ಪಕ್ಕದಲ್ಲಿದ್ದ ಇಬ್ಬರು ನರ್ಸುಗಳ ಮಾತಿನತ್ತ ತಾನಾಗಿಯೇ ವಾಲಿತು. ಹಿರಿಯವಳಿಗೆ ಅಂದು ಕಂಪ್ಯೂಟರ್ ಪರೀಕ್ಷೆ.

“ಫೇಲಾದ್ರೆ ಮಕ್ಕಳ ವಾರ್ಡು ಬಿಡಿಸಿ ಸ್ಟೋರಿಗೆ ಹಾಕ್ತಾರಂತಲ್ಲ, ಅಕ್ಕಾ?”

“ಹೂಂ ಕಣೇ. ಇಪ್ಪತ್ತು ವರ್ಷ ಆ ಮಕ್ಕಳ ಜೊತೇಲೇ ಕಳೆದಿದ್ದೀನಿ.”

“ಹೋದ ತಿಂಗಳು ಮೌಸ್ ಮುಟ್ಟೋಕೇ ನಡುಗ್ತಿದ್ರಿ.”

“ಆಮೇಲೆ ಅಭ್ಯಾಸಕ್ಕೆ ಅಂತ ಕಂಪ್ಯೂಟರಲ್ಲೇ ಒಂದು ಸುಳ್ಳು ವಾರ್ಡು ಕೊಟ್ಟಿದ್ರಲ್ಲ, ಅದರಲ್ಲಿ ನಮ್ಮನೆ ಬೆಕ್ಕನ್ನ ಅಡ್ಮಿಟ್ ಮಾಡಿದೆ. ಕಾಯಿಲೆ, ಸೋಮಾರಿತನ.”

“ಅಯ್ಯೋ ಶಿವನೇ! ಔಷಧಿ?”

“ದಿನಕ್ಕೆ ಮೂರು ಇಲಿ, ಊಟ ಆದ್ಮೇಲೆ. ಪಕ್ಕದ ಹಾಸಿಗೆಗೆ ನಮ್ಮೆಜಮಾನ್ರು, ಗೊರಕೆ ಜಾಸ್ತಿ ಅಂತ. ತಪ್ಪಾದ್ರೆ ಯಾರಿಗೇನಾಗುತ್ತೆ? ಆಡ್ತಾ ಆಡ್ತಾ ಕೈ ಪಳಗಿತು.”

“ನಾನು ಪುಸ್ತಕ ಬಾಯಿಪಾಠ ಮಾಡಿ ಅಭ್ಯಾಸದ ಪರೀಕ್ಷೇಲೇ ಎರಡು ಸಲ ಫೇಲು! ನನಗ್ಯಾಕೆ ಇದು ಹೊಳೀಲಿಲ್ಲವೋ.”

ಅಷ್ಟರಲ್ಲಿ ಬಾಗಿಲು ತೆರೆದು ಒಳಗಿನಿಂದ ಕರೆ ಬಂತು. ಹಿರಿಯವಳು ಏಳಲು ಹೋಗಿ ಮತ್ತೆ ಕೂತಳು.

“ಹೆದರ್ಬೇಡಿ ಅಕ್ಕಾ. ಬೆಕ್ಕನ್ನ ಇನ್ನೂ ಡಿಸ್ಚಾರ್ಜ್ ಮಾಡಿಲ್ಲ ಅಲ್ವಾ?”

“ಹೌದಲ್ಲೇ! ಪಾಪ, ಕಾಯ್ತಿರುತ್ತೆ.”

ಅವಳು ನಗುತ್ತಲೇ ಎದ್ದು ಒಳಗೆ ಹೋದಳು. ಕಿರಿಯವಳು ಅವಳ ಚೀಲ ಎತ್ತಿಕೊಂಡು ಹಿಂದೆಯೇ ನಡೆದಳು; ಬಾಗಿಲು ಮುಚ್ಚಿತು. ಬಡಗಿ ಕಟ್ಟು ಹಾಕಿದ ಕೈಯನ್ನು ಮೆಲ್ಲಗೆ ಇನ್ನೊಂದು ಕೈಗೆ ಜೋಡಿಸಿ, ಆಕೆ ಪಾಸಾಗಲಿ ಎಂದು ಆ ಮುಚ್ಚಿದ ಬಾಗಿಲಿಗೇ ಮುಗಿದ.