ಕೂಸಿಗೆ ನೆಗಡಿ ಕೊಟ್ಟವರು

ಇಲ್ಲ, ಎದ್ದು ಹೋಗಬೇಡಿ ಬೀಗಿತ್ತಿ. ಕೂತ್ಕೊಳ್ಳಿ. ಈ ಬೆಂಚು ನಿಮಗೂ ಗಟ್ಟಿ, ನನಗೂ ಗಟ್ಟಿ. ಮೂರು ದಿನದಿಂದ ಮಕ್ಕಳ ವಾರ್ಡಿನ ಬಾಗಿಲಾಚೆ ಕಾಯ್ತಿದ್ದೀರಲ್ಲ, ಯಾಕೆ ಒಳಗೆ ಬಿಡ್ತಿಲ್ಲ ಅಂತ ಒಬ್ಬರನ್ನೂ ಕೇಳಲಿಲ್ಲ ನೀವು. ನಾನೇ ಹೇಳ್ತೀನಿ. ತಡೆಸಿದ್ದು ನಾನೇ. ಮೊದಲ ದಿನವೇ ನರ್ಸಮ್ಮನ ಕಿವಿಗೆ ಹಾಕಿಟ್ಟೆ, ಆ ಗುಂಡು ಕನ್ನಡಕದವರಿಗೆ ನೆಗಡಿ ಇದೆ, ನನ್ನ ಮೊಮ್ಮಗಳ ಹತ್ತಿರ ಸುಳಿಯೋಕೂ ಬಿಡಬೇಡಿ ಅಂತ.

ಹಾಗೇ ನೋಡಿ. ಕಣ್ಣು ಬಿಟ್ಟು ನೋಡಿ.

ಒಳಗೆ ಹೇಗಿದೆ ಗೊತ್ತಾ? ಹತ್ತು ತಿಂಗಳ ಕೂಸು. ಮೂಗಿಗೆ ಆಕ್ಸಿಜನ್ ಕೊಳವೆ. ಕಿತ್ಕೊಳ್ಳಬಾರದು ಅಂತ ಅಂಗೈಗೆ ಬಟ್ಟೆ ಸುತ್ತಿದ್ದಾರೆ. ಒಂದೊಂದು ಉಸಿರಿಗೂ ಪಕ್ಕೆ ಒಳಕ್ಕೆ ಹೋಗುತ್ತೆ, ಎಲುಬು ಎಣಿಸಬಹುದು. ಹಾಲು ಚೀಪೋಕೂ ತ್ರಾಣ ಇಲ್ಲ, ಅದಕ್ಕೆ ಇನ್ನೊಂದು ಕೊಳವೆ. ಡಾಕ್ಟರಮ್ಮ ಅಂದ್ರು, ದೊಡ್ಡವರಿಗೆ ಬರೀ ನೆಗಡಿ ತರೋ ವೈರಸ್ಸೇ ಇದು, ಇಷ್ಟು ಸಣ್ಣ ಮಗುವಿಗಾದ್ರೆ ಎದೆಗೆ ಇಳಿಯುತ್ತೆ. ಇದಕ್ಕೇ ಅಂತ ಔಷಧಿ ಇಲ್ಲವಂತೆ, ಕಾಯಬೇಕಂತೆ. ಕೇಳಿದ್ರಾ? ನೀವು ಎರಡು ಸಲ ಸೀನಿ ಮರೆತುಬಿಟ್ರಿ. ಅದು ಅಲ್ಲಿ ಉಸಿರಿಗಾಗಿ ಹೊಡೆದಾಡ್ತಿದೆ.

ಏನು, ನಗ್ತಿದ್ದೀರಾ? ಮಾಸ್ಕ್ ಹಾಕ್ಕೊಂಡ್ರೆ ಅದೊಂದು ಅನುಕೂಲ. ಅಳು ಅಂದ್ರೆ ಅಳು, ನಗು ಅಂದ್ರೆ ನಗು.

ಇಷ್ಟಕ್ಕೇ ನನ್ನ ಹೊಟ್ಟೆಯುರಿ ಆರಲ್ಲ, ತಿಳ್ಕೊಳ್ಳಿ. ನನ್ನ ಸೊಸೆ, ಅದೇ ನಿಮ್ಮ ಮಗಳು, ನಿನ್ನೆ ಬಾಯಿ ಬಿಟ್ಟು ಅಂದ್ಲು, ಮಗು ಮನೆಗೆ ಬಂದಮೇಲೂ ನಮ್ಮಮ್ಮ ಬರೋದು ಬೇಡ ಅಂತ. ಎಷ್ಟು ದಿನ ಅಂದೆ. ಮಗು ದೊಡ್ಡದಾಗೋವರೆಗೂ ಅಂದ್ಲು. ನಾನು ಹೇಳಿಕೊಟ್ಟೆ ಅಂತೀರಾ? ಹೌದು, ಹೇಳಿಕೊಟ್ಟೆ. ಗಿಣಿಗೆ ಕಲಿಸಿದ ಹಾಗೆ ಕೂರಿಸ್ಕೊಂಡು ಕಲಿಸಿದೆ.

ಸುಮ್ಮಸುಮ್ಮನೆ ನಿಮ್ಮ ಮೇಲೆ ಹಾಕ್ತಿಲ್ಲ. ಭಾನುವಾರ ಮಧ್ಯಾಹ್ನ ಬಂದ್ರಿ. ಚಪ್ಪಲಿ ಬಿಡೋ ಮೊದಲೇ ಸೀನಿದ್ರಿ. ಕೈ ತೊಳೀದೆ ಮಗುನ ಎತ್ಕೊಂಡ್ರಿ, ಮುತ್ತಿಟ್ರಿ. ‘ಅಯ್ಯೋ, ನನ್ನ ಗುಬ್ಬಿಗೆ ಮೂಗು ಸೋರ್ತಿದೆಯಲ್ಲ’ ಅಂತ ನಿಮ್ಮ ಕರ್ಚೀಫಲ್ಲೇ ಒರೆಸಿದ್ರಿ, ನಾನೇ ಕಣ್ಣಾರೆ...

ಯಾಕೆ, ತಲೆ ಎತ್ತಿದ್ರಿ?

ಹೂಂ. ಸೋರ್ತಿತ್ತು. ನೀವು ಬರೋ ಮೊದಲೇ... ಬೆಳಿಗ್ಗೆಯಿಂದಲೇ. ಮಕ್ಕಳ ಮೂಗು ಅಂದಮೇಲೆ ಸೋರದೆ ಇರುತ್ತಾ? ಅದಕ್ಕೇನೀಗ?

ಏನಾದ್ರೂ ಅನ್ನಿ.

ಹೋದ ಗುರುವಾರದ ಫೋನಾ? ಇಲ್ಲ, ಈಗ ನೀವು ಆ ಮಾತು ತೆಗೀಲಿಲ್ಲ. ನಾನೇ ತೆಗೆದೆ. ‘ನಿಮ್ಮ ದನಿ ಯಾಕೆ ಹೀಗೆ ಕಟ್ಟಿದೆ ಬೀಗಿತ್ತಿ’ ಅಂತ ಅವತ್ತು ನೀವು ಕೇಳಿದ್ರಿ, ಜೋಗುಳ ಹಾಡಿ ಹಾಡಿ ಗಂಟಲು ಬಿದ್ದೋಯ್ತು ಅಂದೆ. ಸೊಸೆಗೂ ಅದನ್ನೇ ಅಂದೆ. ಕೆಮ್ಮು ಬಂದಾಗೆಲ್ಲ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಕೆಮ್ಮಿ ಬಂದೆ. ಬಂದು ಮತ್ತೆ ಮಗುನ ಎತ್ಕೊಂಡೆ.

ಇನ್ನೇನು ಮಾಡಲಿ? ನನಗೆ ನೆಗಡಿ ಅಂದಿದ್ರೆ ಸೊಸೆ ಕಾರ್ಖಾನೆಗೆ ಹೋಗ್ತಾ ಮಗುನ ನಿಮ್ಮ ಮನೇಲಿ ಬಿಟ್ಟು ಹೋಗ್ತಿದ್ಲು. ವಾರ ಪೂರ್ತಿ. ವಾರ ಅಂದ್ರೆ ಕೂಸಿಗೆ ಒಂದು ಜನ್ಮ. ನಿಮ್ಮ ಮಡಿಲಿಗೆ ಹೊಂದ್ಕೊಂಡು, ಆಮೇಲೆ ನನ್ನ ಕಂಡು ಅತ್ತಿದ್ರೆ? ಬರೀ ನೆಗಡಿ ಅಂದ್ಕೊಂಡೆ ಬೀಗಿತ್ತಿ. ನೆಗಡಿಗೆ ಯಾರು ಹೆದರ್ತಾರೆ?

ನಿಮಗೆ ಗೊತ್ತಿತ್ತು.

ಈ ಬೆಂಚಿಗೆ ಬಂದು ಕೂತ ದಿನದಿಂದ ಗೊತ್ತಿತ್ತು. ಹೆತ್ತ ಮಗಳೇ ಮುಖ ತಿರುಗಿಸ್ಕೊಂಡು ಹೋದಾಗಲೂ ತುಟಿ ಬಿಚ್ಚಲಿಲ್ಲ ನೀವು. ಇದೆಂಥ ಹಗೆ ರೀ ನಿಮ್ಮದು, ನನ್ನದಕ್ಕಿಂತ ದೊಡ್ಡದು.

ಅಗೋ, ಬಾಗಿಲು ತೆಗೀತು. ನಿಮ್ಮ ಮಗಳೇ ಬರ್ತಿದ್ದಾಳೆ. ಬೈಯಿರಿ ನನ್ನ. ಈಗಲೇ, ಅವಳ ಎದುರಿಗೇ. ನೀವು ಒಂದು ಬೈದ್ರೆ ನಾನು ಹತ್ತು ಬೈದು ಗೆಲ್ತೀನಿ, ನನ್ನ ಬಾಯಿ ಎಂಥದು ಅಂತ ನಿಮಗೆ ಗೊತ್ತು. ಹೀಗೆ ಕೈಕಟ್ಟಿ ಸುಮ್ಮನೆ ಕೂತ್ರೆ... ನಾನೇ ಹೇಳಬೇಕಾಗುತ್ತೆ.