ನಲವತ್ತು ಸಲ ಸತ್ತವನು

ಗಂಟಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಕೂತಿದ್ದರು. ತಮ್ಮನಿಗೆ ದನಿಯೇ ಹೊರಡುತ್ತಿರಲಿಲ್ಲ, ಪಿಸುಗುಟ್ಟುತ್ತಿದ್ದ.

"ಡಬ್ಬಿಂಗ್‌ನಲ್ಲಿ ಅಷ್ಟೊಂದು ಕಿರಚೋದೇನಿತ್ತೋ? ಕಾರ್ಟೂನ್ ತಾನೇ?"

"ಮಕ್ಕಳದಲ್ಲಕ್ಕ. ಕಾಮಿಕ್ಸ್ ಪುಸ್ತಕದಿಂದ ಮಾಡಿರೋ ದೊಡ್ಡೋರ ಸೀರಿಯಲ್ಲು. ಆ ಸೂಪರ್‌ಹೀರೋ ಒಂದೇಟು ಕೊಟ್ರೆ ಬೀದಿಗೆ ಬೀದಿನೇ ನೆಲಸಮ. ಬರೀ ರಕ್ತ."

"ನಿನ್ನ ಮಗಳು ಕ್ಲಾಸಲ್ಲೆಲ್ಲ ಹೇಳ್ಕೊಂಡು ಬಂದಿದಾಳೆ, ನಮ್ಮಪ್ಪನೇ ಆ ಹೀರೋ ಅಂತ."

"ಗೊತ್ತು."

"ಅಲ್ವಾ ಮತ್ತೆ?"

"ಅವನ ದನಿ ಬೇರೆಯವರದು. ಅವನ ಕೈಲಿ ಸಾಯೋರೆಲ್ಲ ನಾನು. ಈ ವಾರ ನಲವತ್ತು ಸಲ ಸತ್ತೆ. ಬಸ್ ಡ್ರೈವರ್, ಹೂವು ಮಾರೋನು, ಲಿಫ್ಟಲ್ಲಿದ್ದ ಮುದುಕ. ಒಬ್ಬೊಬ್ಬನಿಗೂ ಬೇರೆ ಬೇರೆ ಥರ ಕಿರಚಬೇಕು."

ಅಕ್ಕ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವನಿಗೆ ಕೊಟ್ಟಳು.

"ಮಗಳಿಗೆ ಹೇಳ್ಬಿಡೋದಲ್ವೇನೋ?"

"ಹೇಳ್ಬೇಕು. ಒಂದು ತಿಂಗಳು ಮಾತಾಡ್ಬೇಡ ಅಂತ ಡಾಕ್ಟ್ರು ಅಂದ್ರೆ ಕೆಲಸ ಹೋಗುತ್ತೆ. ಆದ್ರೂ ಅವಳಿಗೆ ಇದನ್ನ ಹೇಳೋ ಕಷ್ಟ ತಪ್ಪುತ್ತಲ್ಲ ಅಂತ ಒಂದು ಸಮಾಧಾನ."

ನರ್ಸ್ ಕರೆದಳು. ಅವನು ನಿಧಾನಕ್ಕೆ ಎದ್ದ. ಅಕ್ಕ ಅವನ ಕೈಯಿಂದ ಫೈಲು ತೆಗೆದುಕೊಂಡಳು.

"ನೀನು ಬಾಯಿ ಮುಚ್ಕೊಂಡಿರು. ಒಳಗೆ ನಾನು ಮಾತಾಡ್ತೀನಿ. ಮನೇಲಿ ನಿನ್ನ ಮಗಳ ಹತ್ರಾನೂ ನಾನೇ ಮಾತಾಡ್ತೀನಿ."

ಅವನು ತಲೆಯಾಡಿಸಿದ. ಇಬ್ಬರೂ ಒಳಗೆ ಹೋದರು.